ಹತ್ತು ಪೌಚ್, ಒಂದು ತಕ್ಕಡಿ: ಎ ಅಂಡ್ ಡಿ ಎಫ್‌ಎಕ್ಸ್-2000ಐ ಮತ್ತು ವಿನ್‌ಸಿಟಿ ಜೋಡಿಯ ವಿಮರ್ಶೆ

ಸಾಂಬಾರ್ ಪುಡಿ ತುಂಬುವ ಒಂದು ಆಗರ್ ಫಿಲ್ಲರ್ (ಸ್ಕ್ರೂ ತಿರುಗಿಸಿ ಪುಡಿ ತುಂಬುವ ಯಂತ್ರ) ನಿಮಿಷಕ್ಕೆ 20 ಪೌಚ್ ಹೊರಹಾಕುತ್ತದೆ ಎಂದು ಇಟ್ಟುಕೊಳ್ಳಿ. 8 ಗಂಟೆಯ ಶಿಫ್ಟಿಗೆ 9,600 ಪೌಚ್. ಮೇಲೆ ಅಚ್ಚಾಗಿರುವುದು 200 ಗ್ರಾಂ. ತೂಕ ಕಡಿಮೆ ಬಂದು ಇನ್‌ಸ್ಪೆಕ್ಟರ್ ಕೈಗೆ ಸಿಗುವುದು ಬೇಡ ಎಂದು ಆಪರೇಟರ್ 204ಕ್ಕೆ ಸೆಟ್ ಮಾಡಿಟ್ಟರೆ, ದಿನಕ್ಕೆ 38 ಕಿಲೋ ಪುಡಿ ಪುಕ್ಕಟೆ ಹೋಗುತ್ತದೆ. ಯಾವ ಲೆಕ್ಕದ ಪುಸ್ತಕದಲ್ಲೂ ಈ ನಷ್ಟಕ್ಕೆ ಒಂದು ಸಾಲು ಇರುವುದಿಲ್ಲ. ಮಾದರಿ ತೂಗಿ ಸಾಂಖ್ಯಿಕ ಗುಣ ನಿಯಂತ್ರಣ ಮಾಡುವ ತಕ್ಕಡಿಯನ್ನು ಕೊಳ್ಳುವುದು ಮುಖ್ಯವಾಗಿ ಈ 38 ಕಿಲೋವನ್ನು ಹಿಡಿಯಲು. ಕಾನೂನು ಎರಡನೆಯ ಕಾರಣ, ಆದರೆ ಅದನ್ನು ಮೊದಲು ಹೇಳಿ ಮುಗಿಸೋಣ.

2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ 50 ಗ್ರಾಂವರೆಗಿನ ಪೊಟ್ಟಣಕ್ಕೆ ಶೇ 9, 50ರಿಂದ 100ಕ್ಕೆ 4.5 ಗ್ರಾಂ, 100ರಿಂದ 200ಕ್ಕೆ ಶೇ 4.5, 200ರಿಂದ 300ಕ್ಕೆ 9 ಗ್ರಾಂ, 300ರಿಂದ 500ಕ್ಕೆ ಶೇ 3, 500ರಿಂದ ಒಂದು ಕಿಲೋವರೆಗೆ 15 ಗ್ರಾಂ ಕೊರತೆಗೆ ಅವಕಾಶವಿದೆ. ನಮ್ಮ 200 ಗ್ರಾಂ ಪೌಚಿಗೆ ಇದು 9 ಗ್ರಾಂ. ಹಾಗೆಂದು ಎಲ್ಲ ಪೌಚುಗಳನ್ನೂ 192ಕ್ಕೆ ತುಂಬುವ ಹಾಗಿಲ್ಲ, ಏಕೆಂದರೆ ಸರಾಸರಿ 200ಕ್ಕಿಂತ ಕೆಳಗೆ ಇಳಿಯಬಾರದು. ಒಂದೊಂದು ಪೌಚಿಗೂ ಒಂದು ಗೆರೆ, ಸರಾಸರಿಗೆ ಇನ್ನೊಂದು ಗೆರೆ. ಇವೆರಡನ್ನು ಬೆರೆಸಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇಲ್ಲಿ ನೋಡುತ್ತಿರುವುದು ದೊಡ್ಡ ಕಾರ್ಖಾನೆಯ ಸರ್ವರ್ ವ್ಯವಸ್ಥೆಯಲ್ಲ. ಜಪಾನಿನ ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-2000ಐ ಬ್ಯಾಲೆನ್ಸ್ (2,200 ಗ್ರಾಂ ಸಾಮರ್ಥ್ಯ, 0.01 ಗ್ರಾಂ ಸೂಕ್ಷ್ಮತೆ), ಅದೇ ಕಂಪನಿ ಉಚಿತವಾಗಿ ಕೊಡುವ ವಿನ್‌ಸಿಟಿ ತಂತ್ರಾಂಶ, ಒಂದು ಸೀರಿಯಲ್ ಕೇಬಲ್, ಮತ್ತು ಎಲ್ಲರ ಕಂಪ್ಯೂಟರಿನಲ್ಲೂ ಇರುವ ಎಕ್ಸೆಲ್. ಒಂದೋ ಎರಡೋ ಲೈನ್ ಇರುವ ಮಸಾಲೆ, ಕಾಫಿ ಪುಡಿ ಅಥವಾ ಹಪ್ಪಳದ ಘಟಕಕ್ಕೆ ಇಷ್ಟು ಸಾಕು ಎನ್ನುವುದು ನಮ್ಮ ತೀರ್ಮಾನ. ಎಲ್ಲಿ ಸಾಲದು ಎಂಬುದೂ ಮುಂದೆ ಬರುತ್ತದೆ.

0.01 ಗ್ರಾಂ ನಿಜಕ್ಕೂ ಬೇಕೇ? ಬೇಡ. ಫಿಲ್ಲರಿನ ಮಾನಕ ವಿಚಲನೆ (ತೂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 1.2 ಗ್ರಾಂ ಇರುವಲ್ಲಿ 0.1 ಗ್ರಾಂ ತೋರಿಸುವ ತಕ್ಕಡಿ ಧಾರಾಳ. ಆದರೆ ಅಂಗಡಿಯ ಕೌಂಟರಿನ 1 ಗ್ರಾಂ ತಕ್ಕಡಿ ಗಡಿಯಲ್ಲಿ ನಿಲ್ಲುತ್ತದೆ, 2 ಗ್ರಾಂನದು ಕೆಲಸಕ್ಕೇ ಬಾರದು. ವ್ಯಾಪ್ತಿ ನಕ್ಷೆಯ (ಒಂದು ಗುಂಪಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ತೂಕದ ಅಂತರ ತೋರಿಸುವ ನಕ್ಷೆ, ಲೆಕ್ಕ ಮುಂದೆ ಬರುತ್ತದೆ) ಮೇಲ್ಮಿತಿ ಸುಮಾರು 6 ಗ್ರಾಂ ಇರುವಾಗ 2 ಗ್ರಾಂ ತಕ್ಕಡಿ ಮಿತಿಯೊಳಗೆ ಕೊಡಬಲ್ಲ ಬೆಲೆಗಳು 0, 2, 4, ಇಷ್ಟೇ. ನಕ್ಷೆ ಮೆಟ್ಟಿಲಿನಂತೆ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮಿತಿಯೊಳಗೆ ಕನಿಷ್ಠ ಐದು ಬೇರೆ ಬೇರೆ ಬೆಲೆಗಳು ಬರುವಂತಿರಬೇಕು. ಎಫ್‌ಎಕ್ಸ್-2000ಐನಲ್ಲಿ ಕೊನೆಯ ಅಂಕೆ ಬೇಡವಾದರೆ ಸ್ಯಾಂಪಲ್ ಕೀ ಒತ್ತಿ ಅದನ್ನು ಮರೆಮಾಡಬಹುದು. ಪ್ಯಾಕಿಂಗ್ ಕೋಣೆಯಲ್ಲಿ ಹಾಗೆ ಮಾಡುವುದೇ ಒಳ್ಳೆಯದು. ಇಲ್ಲದಿದ್ದರೆ ಫ್ಯಾನ್ ಗಾಳಿಗೆ ಎರಡನೇ ದಶಮಾಂಶ ಕುಣಿಯುತ್ತಲೇ ಇರುತ್ತದೆ, ಸ್ಥಿರ ಚಿಹ್ನೆ ಬರುವತನಕ ಆಪರೇಟರ್ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಈ ಬ್ಯಾಲೆನ್ಸಿನಲ್ಲಿ ಸರಿಹೊಂದಿಸಲು ಬೇಕಾದ ಆಂತರಿಕ ತೂಕದ ಬಟ್ಟು ಇಲ್ಲ. ಒಳಗೇ ಬಟ್ಟು ಇರುವುದು ಎಫ್‌ಝಡ್-ಐ ಸರಣಿಯಲ್ಲಿ. ಹಾಗಾಗಿ ಎಫ್‌ಎಕ್ಸ್ ಕೊಂಡರೆ 2 ಕಿಲೋದ ಎಫ್1 ನಿಖರತೆ ದರ್ಜೆಯ ಬಟ್ಟೊಂದನ್ನು ಜೊತೆಗೇ ಕೊಳ್ಳಿ. ಆ ದರ್ಜೆಯಲ್ಲಿ 2 ಕಿಲೋಗೆ ಅನುಮತಿಸಿದ ದೋಷ 10 ಮಿಲಿಗ್ರಾಂ, ಎಂದರೆ ಈ ತಕ್ಕಡಿಯ ಒಂದೇ ಅಂಕೆ. ಎಂ1 ದರ್ಜೆಯ ಬಟ್ಟಿನಲ್ಲಿ ಅದು 100 ಮಿಲಿಗ್ರಾಂ. ಅದನ್ನಿಟ್ಟು ಸರಿಹೊಂದಿಸಿದರೆ ಬಟ್ಟಿನ ತಪ್ಪು ತಕ್ಕಡಿಗೂ ಅಂಟುತ್ತದೆ. ದಿನದ ತಪಾಸಣೆಗೆ 200 ಗ್ರಾಂನ ಎಫ್2 ಬಟ್ಟು ಸಾಕು.

ಬೇರೆ ಊರಿನಲ್ಲಿ ಸರಿಹೊಂದಿಸಿ ತಂದ ತಕ್ಕಡಿಯನ್ನು ಹಾಗೆಯೇ ನಂಬಬೇಡಿ. ಗುರುತ್ವ ಎಲ್ಲ ಕಡೆ ಒಂದೇ ಅಲ್ಲ. ದೆಹಲಿಗೂ ಬೆಂಗಳೂರಿಗೂ ಸುಮಾರು ಶೇ 0.11ರಷ್ಟು ವ್ಯತ್ಯಾಸ. ದೆಹಲಿಯಲ್ಲಿ ಸರಿಹೊಂದಿಸಿದ್ದನ್ನು ಪೀಣ್ಯದಲ್ಲಿ ಇಟ್ಟರೆ ಒಂದು ಕಿಲೋಗೆ ಒಂದು ಗ್ರಾಂಗಿಂತ ತುಸು ಹೆಚ್ಚು, 200 ಗ್ರಾಂಗೆ 0.2 ಗ್ರಾಂ ಕಡಿಮೆ ತೋರಿಸುತ್ತದೆ. ಇಟ್ಟ ಜಾಗದಲ್ಲೇ, ಅರ್ಧ ಗಂಟೆ ಆನ್ ಮಾಡಿ ಬಿಸಿಯಾದ ಮೇಲೆ, ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತಂದು, ಆಮೇಲೆ ಸರಿಹೊಂದಿಸಬೇಕು. ಇನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯೇ ಬೇರೆ, ಪ್ರಯೋಗಾಲಯದ ಕ್ಯಾಲಿಬ್ರೇಶನ್ ಪ್ರಮಾಣಪತ್ರವೇ ಬೇರೆ. ಒಂದು ಇದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ಕೊಳ್ಳುವ ಮೊದಲೇ ಮಾರುವವರಲ್ಲಿ ಎರಡನ್ನೂ ವಿಚಾರಿಸಿ.

ಜೋಡಣೆಗೆ ಅರ್ಧ ದಿನ ಸಾಕು, ಆ ಅರ್ಧ ದಿನದಲ್ಲಿ ಹೆಚ್ಚಿನ ಪಾಲು ಕೇಬಲ್ಲಿಗೇ ಹೋಗುತ್ತದೆ. ಬ್ಯಾಲೆನ್ಸಿನ ಹಿಂದೆ ಒಂಬತ್ತು ಪಿನ್ನಿನ ಆರ್‌ಎಸ್-232 ಸೀರಿಯಲ್ ಕಿಂಡಿ ಇದೆ. ಈಗಿನ ಕಂಪ್ಯೂಟರಿನಲ್ಲಿ ಆ ಕಿಂಡಿ ಇಲ್ಲದ್ದರಿಂದ ಯುಎಸ್‌ಬಿ ಪರಿವರ್ತಕ ಬೇಕು. ಕಾರ್ಖಾನೆಯಿಂದ ಬರುವಾಗ ಇದರ ಸೆಟ್ಟಿಂಗ್ 2400 ಬಾಡ್, 7 ಬಿಟ್, ಈವನ್ ಪ್ಯಾರಿಟಿ. ಕಂಪ್ಯೂಟರಿನ ಕಡೆ 9600, 8, ಪ್ಯಾರಿಟಿ ಇಲ್ಲ ಎಂದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ. ಮೊದಲು ವಿನ್‌ಸಿಟಿಯ ಆರ್‌ಎಸ್‌ಕಾಮ್ ತೆರೆದು ಕಚ್ಚಾ ಸಾಲು ನೋಡಿ. ಸಾಲಿನ ಮೊದಲಿಗೆ ‘ಎಸ್‌ಟಿ’ ಇದ್ದರೆ ತೂಕ ಸ್ಥಿರ, ‘ಯುಎಸ್’ ಇದ್ದರೆ ಅಸ್ಥಿರ. ಇದು ಸರಿಯಾದ ಮೇಲೆ ಆರ್‌ಎಸ್‌ಕೀಗೆ ಬನ್ನಿ. ತಕ್ಕಡಿಯ ಅಂಕಿಯನ್ನು ಕೀಬೋರ್ಡಿನಲ್ಲಿ ಒತ್ತಿದಂತೆ ಎಕ್ಸೆಲ್ಲಿನೊಳಗೆ ಹಾಕುವುದು ಇದರ ಕೆಲಸ. ಪರಿವರ್ತಕವನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಕಾಮ್ ಪೋರ್ಟಿನ ಸಂಖ್ಯೆ ಬದಲಾಗುತ್ತದೆ. ‘ನಿನ್ನೆ ಬರ್ತಿತ್ತು, ಇವತ್ತು ಬರ್ತಿಲ್ಲ’ ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಕಿಂಡಿಯ ಪಕ್ಕ ಬಣ್ಣದ ಟೇಪ್ ಅಂಟಿಸಿಬಿಡಿ.

ಆರ್‌ಎಸ್‌ಕೀಯ ದೌರ್ಬಲ್ಯವೂ ಅದರ ಸರಳತನದಲ್ಲೇ ಇದೆ. ಕರ್ಸರ್ ಎಲ್ಲಿದೆಯೋ ಅಲ್ಲಿಗೆ ಅಂಕಿ ಹೋಗುತ್ತದೆ. ಅದೇ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದಿದ್ದರೆ ಸಪ್ಲೈಯರಿಗೆ ‘206.31’ ಎಂಬ ಸಂದೇಶ ತಲುಪಿದರೂ ಆಶ್ಚರ್ಯವಿಲ್ಲ. ತಕ್ಕಡಿಗೆಂದೇ ಒಂದು ಹಳೆಯ ಕಂಪ್ಯೂಟರ್ ಮೀಸಲಿಡುವುದು ಇದಕ್ಕೆ ಮದ್ದು. ಬ್ಯಾಲೆನ್ಸನ್ನು ಆಟೋ ಪ್ರಿಂಟ್ ‘ಎ’ ವಿಧಾನಕ್ಕೆ ಹಾಕಿದರೆ ಪೌಚ್ ಇಟ್ಟು ಸ್ಥಿರವಾದ ಕೂಡಲೇ ಅಂಕಿ ತಾನೇ ಹೋಗುತ್ತದೆ. ತಟ್ಟೆ ಖಾಲಿಯಾಗಿ ಸೊನ್ನೆಗೆ ಬಂದ ಮೇಲೆಯೇ ಮುಂದಿನದು. ಒಂದು ಪೌಚನ್ನು ತೆಗೆಯುತ್ತಲೇ ಇನ್ನೊಂದನ್ನು ಇಡುವ ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ. ತಟ್ಟೆ ಸೊನ್ನೆಗೆ ಬರಲೇ ಇಲ್ಲ, ಹತ್ತು ತೂಗಿದರೂ ದಾಖಲಾಗಿದ್ದು ಏಳು.

ಟೇರ್, ಎಂದರೆ ಒಟ್ಟು ತೂಕದಿಂದ ಕಳೆಯಬೇಕಾದ ಖಾಲಿ ಪೌಚಿನ ತೂಕ, ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇಡೀ ವ್ಯವಸ್ಥೆ ಸೋರುವುದು ಇಲ್ಲೇ.

ತಟ್ಟೆಯ ಮೇಲೆ ಖಾಲಿ ಪೌಚ್ ಇಟ್ಟು ಸೊನ್ನೆ ಮಾಡಿ ಕೆಲಸ ಶುರು ಮಾಡುವುದು ಸುಲಭ, ಆದರೆ ಬೇಡ. ಒಟ್ಟು ತೂಕವನ್ನೇ ಎಕ್ಸೆಲ್ಲಿಗೆ ಕಳಿಸಿ, ಪೌಚಿನ ಸರಾಸರಿ ತೂಕವನ್ನು ಹಾಳೆಯ ಒಂದು ಕೋಶದಲ್ಲಿಟ್ಟು ಅಲ್ಲಿ ಕಳೆಯಿರಿ. ಟೇರ್ ತಪ್ಪಾಗಿತ್ತೆಂದು ಸಂಜೆ ಗೊತ್ತಾದರೂ ಒಂದೇ ಕೋಶ ತಿದ್ದಿದರೆ ದಿನದ ಲೆಕ್ಕವೆಲ್ಲ ಸರಿಹೋಗುತ್ತದೆ. ತಕ್ಕಡಿಯಲ್ಲೇ ಸೊನ್ನೆ ಮಾಡಿದ್ದರೆ ಎಷ್ಟು ಕಳೆದಿದ್ದೆವು ಎಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಸರಾಸರಿಗೆ 25 ಖಾಲಿ ಪೌಚ್ ಒಟ್ಟಿಗೆ ತೂಗಿ 25ರಿಂದ ಭಾಗಿಸಿ. ಏರಿಳಿತ ತಿಳಿಯಲು ಹತ್ತನ್ನು ಬಿಡಿಬಿಡಿಯಾಗಿ ತೂಗಿ. ರೋಲಿನಿಂದಲೇ ಪೌಚ್ ಮಾಡಿ ತುಂಬುವ ಯಂತ್ರವಾದರೆ ಆಗರ್ ನಿಲ್ಲಿಸಿ ಖಾಲಿ ಪೌಚುಗಳನ್ನು ಓಡಿಸಿ ಹಿಡಿಯಿರಿ. ಸೀಲ್ ಆದ, ತಾರೀಖು ಅಚ್ಚಾದ ಪೌಚೇ ಬೇಕು. ಫಿಲ್ಮನ್ನು ಕತ್ತರಿಯಲ್ಲಿ ಕತ್ತರಿಸಿ ತೂಗಿದರೆ ಅಳತೆ ತಪ್ಪುತ್ತದೆ.

ರೋಲ್ ಬದಲಾದರೆ ಟೇರ್ ಬದಲಾಗುತ್ತದೆ. ಹಾಳೆಯಲ್ಲಿ 5.0 ಗ್ರಾಂ ಇದ್ದು ಹೊಸ ರೋಲಿನ ಪೌಚ್ 5.4 ತೂಗಿದರೆ, ಹಾಳೆ 201 ಎಂದು ತೋರಿಸುವಾಗ ಒಳಗಿರುವ ಪುಡಿ 200.6. ಪೌಚ್ 4.6 ತೂಗಿದರೆ ತಪ್ಪು ಉಲ್ಟಾ. ತೂಕ ಕಡಿಮೆಯೆಂದು ಭ್ರಮಿಸಿ ಸೆಟ್ಟಿಂಗ್ ಏರಿಸಿದರೆ ದಿನಕ್ಕೆ 3.8 ಕಿಲೋ ಹೆಚ್ಚುವರಿ ಹೋಗುತ್ತದೆ. ರೋಲ್ ಬದಲಿಸಿದ ಹೊತ್ತನ್ನು ನಕ್ಷೆಯ ಮೇಲೆ ಗುರುತು ಹಾಕುವುದನ್ನು ಕಡ್ಡಾಯ ಮಾಡಿ.

ಗಾಜಿನ ಜಾಡಿಗೆ ಈ ಸರಾಸರಿ ಟೇರ್ ನಡೆಯದು. ಉಪ್ಪಿನಕಾಯಿ ಜಾಡಿಗಳು ಒಂದಕ್ಕೊಂದು ಹಲವು ಗ್ರಾಂ ವ್ಯತ್ಯಾಸ ಇರುತ್ತವೆ. ಒಟ್ಟು ತೂಕದ ವಿಚಲನೆಯ ವರ್ಗವೆಂದರೆ ಒಳಗಿನ ಮಾಲಿನ ವಿಚಲನೆಯ ವರ್ಗಕ್ಕೆ ಜಾಡಿಯ ವಿಚಲನೆಯ ವರ್ಗ ಕೂಡಿಸಿದ್ದು. ಪೌಚಿನದು 0.4, ಪುಡಿಯದು 1.2 ಆದರೆ ಒಟ್ಟು 1.26, ಗಮನಕ್ಕೇ ಬರುವುದಿಲ್ಲ. ಜಾಡಿಯದು 5 ಆದರೆ ಒಟ್ಟು 5.1, ಆಗ ನಿಮ್ಮ ನಕ್ಷೆ ತೋರಿಸುವುದು ಗಾಜಿನ ಕಾರ್ಖಾನೆಯ ಗುಣಮಟ್ಟವನ್ನು. ಮಾದರಿ ಜಾಡಿಗಳಿಗೆ ನಂಬರ್ ಬರೆದು, ಖಾಲಿ ತೂಗಿ, ಲೈನಿಗೆ ಬಿಟ್ಟು, ತುಂಬಿ ಬಂದ ಮೇಲೆ ಅದೇ ಕ್ರಮದಲ್ಲಿ ಮತ್ತೆ ತೂಗಬೇಕು. ಎಫ್‌ಎಕ್ಸ್ ಮತ್ತು ಎಕ್ಸೆಲ್ ಜೋಡಿಯಲ್ಲಿ ಇದನ್ನು ಮಾಡಬಹುದು, ಆದರೆ ಕೈಕೆಲಸ ಬಹಳ. ಜಾಡಿಯೇ ನಿಮ್ಮ ಮುಖ್ಯ ವ್ಯಾಪಾರವಾದರೆ ಪ್ರತಿ ಜಾಡಿಯ ಟೇರ್ ನೆನಪಿಟ್ಟುಕೊಳ್ಳುವ ದೊಡ್ಡ ತಂತ್ರಾಂಶ ನೋಡುವುದು ಮೇಲು.

ಈಗ ಲೆಕ್ಕ. ಬ್ಯಾಲೆನ್ಸಿನಲ್ಲೇ ಅಂಕಿಅಂಶದ ವಿಧಾನ ಇದೆ: ಎಣಿಕೆ, ಮೊತ್ತ, ಗರಿಷ್ಠ, ಕನಿಷ್ಠ, ವ್ಯಾಪ್ತಿ, ಸರಾಸರಿ, ಮಾನಕ ವಿಚಲನೆ, ವಿಚಲನಾಂಕದ ಶೇಕಡಾವಾರು, ಎಲ್ಲವನ್ನೂ ತೋರಿಸುತ್ತದೆ. ಚೆನ್ನಾಗಿದೆ, ಆದರೆ ಅದು ಗುಡ್ಡೆ ಹಾಕಿ ಲೆಕ್ಕ ಮಾಡುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗಿನ ತೂಕಗಳನ್ನೆಲ್ಲ ಒಟ್ಟು ಸೇರಿಸಿದ ವಿಚಲನೆಯಲ್ಲಿ ಫಿಲ್ಲರಿನ ಸಹಜ ಏರಿಳಿತವೂ, ದಿನವಿಡೀ ಆದ ಜಾರುವಿಕೆಯೂ ಕಲಸಿಹೋಗಿರುತ್ತವೆ. ಎರಡನ್ನೂ ಬೇರೆ ಮಾಡಲೆಂದೇ ನಿಯಂತ್ರಣ ನಕ್ಷೆ (ಗುಂಪುಗಳ ಅಂಕಿಗಳನ್ನು ಹೊತ್ತಿನ ಕ್ರಮದಲ್ಲಿ ಮಿತಿಗೆರೆಗಳ ನಡುವೆ ಗುರುತಿಸುವ ನಕ್ಷೆ) ಇರುವುದು. 1924ರಲ್ಲಿ ಬೆಲ್ ಸಂಸ್ಥೆಯ ವಾಲ್ಟರ್ ಶೂಹಾರ್ಟ್ ಹಾಕಿಕೊಟ್ಟ ಈ ನಕ್ಷೆಗೆ ನಮ್ಮಲ್ಲಿ ಐಎಸ್ 397 ಎಂಬ ಮಾನಕವೇ ಇದೆ.

ಮೊದಲ ಎರಡು ಮೂರು ದಿನ ಸೆಟ್ಟಿಂಗ್ ಮುಟ್ಟದೆ, ಅರ್ಧ ಗಂಟೆಗೊಮ್ಮೆ ಬೆನ್ನುಬೆನ್ನಿಗೆ ಬಂದ ಐದು ಪೌಚ್ ತೂಗಿ 25 ಗುಂಪು ಸೇರಿಸಿ. ಪ್ರತಿ ಗುಂಪಿನ ಸರಾಸರಿ ಮತ್ತು ವ್ಯಾಪ್ತಿ ಬರೆಯಿರಿ. ಸರಾಸರಿ ವ್ಯಾಪ್ತಿ 2.8 ಗ್ರಾಂ ಬಂತೆನ್ನಿ. ಅದನ್ನು, ಐದರ ಗುಂಪಿಗೆ ಕೋಷ್ಟಕದಲ್ಲಿ ಸಿಗುವ ಗುಣಾಂಕವಾದ 2.326ರಿಂದ ಭಾಗಿಸಿದರೆ ಫಿಲ್ಲರಿನ ನಿಜವಾದ ವಿಚಲನೆ 1.2 ಗ್ರಾಂ. 0.577ರಿಂದ ಗುಣಿಸಿದರೆ 1.6, ಸರಾಸರಿಯ ಮೇಲೂ ಕೆಳಗೂ ಮಿತಿಗೆರೆ ಇಷ್ಟು ದೂರ. ವ್ಯಾಪ್ತಿಯ ಮೇಲ್ಮಿತಿಗೆ 2.114ರಿಂದ ಗುಣಿಸಿ, 5.9. ಇದೇ ದಿನಗಳ ಒಟ್ಟು ವಿಚಲನೆ 1.9 ಬಂದರೆ, 1.2ಕ್ಕೂ 1.9ಕ್ಕೂ ನಡುವಿನ ಅಂತರ ಫಿಲ್ಲರಿನದಲ್ಲ. ಹಾಪರ್, ಪುಡಿ, ಇಲ್ಲವೇ ಸೆಟ್ಟಿಂಗ್ ತಿರುಗಿಸುವ ಕೈಯದು.

ಮೊದಲು ಆ ಜಾರುವಿಕೆ ನಿಲ್ಲಿಸಿ, ಆಮೇಲೆ ಗುರಿಯನ್ನು 204ರಿಂದ 201.6ಕ್ಕೆ ಇಳಿಸಬಹುದು. ಆಗ ಗುಂಪಿನ ಸರಾಸರಿಯ ಕೆಳಮಿತಿ ಸರಿಯಾಗಿ 200ರಲ್ಲಿ ಕೂರುತ್ತದೆ. ಪೌಚಿಗೆ 2.4 ಗ್ರಾಂ ಉಳಿತಾಯ, ದಿನಕ್ಕೆ 23 ಕಿಲೋ. ಪುಡಿ ಕಿಲೋಗೆ 400 ರೂಪಾಯಿ ಎಂದು ಹಿಡಿದರೆ ದಿನಕ್ಕೆ 9,200 ರೂಪಾಯಿ. ತಕ್ಕಡಿಯ ಬೆಲೆ ಎಷ್ಟು ದಿನದಲ್ಲಿ ಹುಟ್ಟುತ್ತದೆ ಎಂದು ನೀವೇ ಗುಣಿಸಿಕೊಳ್ಳಿ.

ಗುಂಪಿಗೆ ಐದು ಸಾಕೇ? ಪಠ್ಯಪುಸ್ತಕ ಐದು ಎನ್ನುತ್ತದೆ, ಯಂತ್ರದ ಮುಂದೆ ನಿಂತವರಿಗೆ ಹತ್ತು ಒಳ್ಳೆಯದು. ಗುರಿ ಒಂದು ಗ್ರಾಂ ಜಾರಿದರೆ ಐದರ ಗುಂಪು ಅದನ್ನು ಪ್ರತಿ ಸಲ ಹಿಡಿಯುವ ಸಾಧ್ಯತೆ ಶೇ 13ರಷ್ಟೇ. ಸರಾಸರಿ ಎಂಟು ಗುಂಪು, ಎಂದರೆ ನಾಲ್ಕು ಗಂಟೆ ಕಾಯಬೇಕು. ಹತ್ತರ ಗುಂಪಾದರೆ ಶೇ 35 ದಾಟುತ್ತದೆ, ಒಂದೂವರೆ ಗಂಟೆಯೊಳಗೆ ಸುಳಿವು ಸಿಗುತ್ತದೆ. ಪೌಚ್ ಹರಿಯದೆ ತೂಗಿ ಮತ್ತೆ ಪೆಟ್ಟಿಗೆಗೇ ಹಾಕುವುದರಿಂದ ಹೆಚ್ಚುವರಿ ಐದಕ್ಕೆ ಖರ್ಚೇನೂ ಇಲ್ಲ. ಗುಣಾಂಕ ಬದಲಿಸುವುದನ್ನು ಮಾತ್ರ ಮರೆಯಬೇಡಿ: 2.326, 0.577, 2.114ರ ಬದಲು ಹತ್ತಕ್ಕೆ ಕ್ರಮವಾಗಿ 3.078, 0.308, 1.777. ಎಂಟು ಗುಂಪು ಸಾಲಾಗಿ ನಡುಗೆರೆಯ ಒಂದೇ ಬದಿಗೆ ಬಿದ್ದರೂ ಎಚ್ಚರಿಕೆ ಕೊಡುವಂತೆ ಎಕ್ಸೆಲ್ಲಿನಲ್ಲಿ ಸೂತ್ರ ಬರೆದಿಡಿ.

ಫಿಲ್ಲರಿಗೆ ಎರಡು ಮೂತಿ ಇದ್ದರೆ ಎರಡು ನಕ್ಷೆ. ಬೆರೆಸಿ ತೂಗಿದರೆ ಒಂದು ಮೂತಿ 203, ಇನ್ನೊಂದು 200 ಕೊಡುತ್ತಿದ್ದರೂ ಸರಾಸರಿ 201.5 ಎಂದು ನೆಮ್ಮದಿಯಾಗಿ ಕಾಣುತ್ತದೆ.

ಜಾರುವಿಕೆಗೆ ಕಾರಣಗಳು ಬಹುತೇಕ ಪುಡಿಯಲ್ಲೇ ಇರುತ್ತವೆ. ಆಗರ್ ತೂಕ ಅಳೆಯುವುದಿಲ್ಲ, ಗಾತ್ರ ಅಳೆಯುತ್ತದೆ. ಸ್ಕ್ರೂ ಅಷ್ಟೇ ಸುತ್ತು ತಿರುಗಿದರೂ, ಗಿರಣಿಯಿಂದ ಆಗಷ್ಟೇ ಬಂದ ಗಾಳಿ ತುಂಬಿದ ಪುಡಿ ಕಡಿಮೆ ತೂಗುತ್ತದೆ, ರಾತ್ರಿಯಿಡೀ ಹಾಪರಿನಲ್ಲಿ ಕುಳಿತ ಪುಡಿ ಹೆಚ್ಚು ತೂಗುತ್ತದೆ. ಹಾಪರ್ ಅರ್ಧಕ್ಕಿಂತ ಕೆಳಗಿಳಿದರೆ ಮೇಲಿನ ಒತ್ತಡ ಕಡಿಮೆಯಾಗಿ ತೂಕ ಇಳಿಯುತ್ತದೆ. ಮಳೆಗಾಲದಲ್ಲಿ ತೇವ ಹಿಡಿದು ಗೋಡೆಗೆ ಅಂಟುತ್ತದೆ. ಹಾಪರ್ ತುಂಬಿದ ತಕ್ಷಣವೇ ಯಾವಾಗಲೂ ಮಾದರಿ ತೆಗೆದರೆ ಈ ಯಾವುದೂ ನಕ್ಷೆಗೆ ಬರುವುದಿಲ್ಲ. ಹೊತ್ತನ್ನು ಗಡಿಯಾರ ನಿರ್ಧರಿಸಲಿ, ಹಾಪರ್ ಅಲ್ಲ.

ಆಪರೇಟರ್ ಒಂದೊಂದು ಪೌಚ್ ನೋಡಿ, ಒಂದು ಗ್ರಾಂ ಹೆಚ್ಚಿದ್ದರೆ ಒಂದು ಗ್ರಾಂ ಇಳಿಸಿ, ಕಡಿಮೆಯಿದ್ದರೆ ಏರಿಸುತ್ತಾ ಹೋದರೆ ವಿಚಲನೆಯ ವರ್ಗ ಇಮ್ಮಡಿಯಾಗುತ್ತದೆ. 1.2 ಇದ್ದದ್ದು 1.7 ಆಗುತ್ತದೆ. ಶ್ರದ್ಧೆಯಿಂದ ಮಾಡುವ ತಪ್ಪು ಇದು, ಬೈದು ಪ್ರಯೋಜನವಿಲ್ಲ. ಗುಂಪಿನ ಸರಾಸರಿ ಗೆರೆ ದಾಟಿದರೆ ಮಾತ್ರ ಸೆಟ್ಟಿಂಗ್ ಮುಟ್ಟಬೇಕೆಂಬ ಬೋರ್ಡ್ ಯಂತ್ರದ ಮೇಲೇ ಇರಲಿ. ಇನ್ನೊಂದು ತಪ್ಪಿನಲ್ಲಿ ಶ್ರದ್ಧೆ ಇರುವುದಿಲ್ಲ: ಕಡಿಮೆ ಬಂದ ಪೌಚನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೂಗುವುದು. ಎಕ್ಸೆಲ್ಲಿನಲ್ಲಿ ಅಳಿಸಿದ ಅಂಕಿಗೆ ಗುರುತು ಉಳಿಯುವುದಿಲ್ಲ. ಈ ಜೋಡಿಯ ಅತಿ ದೊಡ್ಡ ಕೊರತೆ ಇದೇ. ಪ್ರತಿ ಸಾಲಿಗೂ ಹೊತ್ತು ದಾಖಲಾಗುವಂತೆ ಮಾಡಿದರೆ ನಡುವಿನ ಅಂತರ ನೋಡಿ ಅನುಮಾನ ಪಡಬಹುದು, ಅಷ್ಟೇ.

ಪೂರ್ಣ ಪ್ರಮಾಣದ ವ್ಯವಸ್ಥೆಗಳು, ಉದಾಹರಣೆಗೆ ಮೆಟ್ಲರ್ ಟೊಲೆಡೊದ ಫ್ರೀವೇ.ನೆಟ್, ಬೇರೆ ಮಟ್ಟದವು. ಹಲವು ಲೈನು, ನೂರಾರು ಉತ್ಪನ್ನ, ಬಳಕೆದಾರರ ಹೆಸರು, ಪ್ರತಿ ತಿದ್ದುಪಡಿಗೂ ದಾಖಲೆ ಬೇಕಾದವರು ಅತ್ತ ನೋಡಲಿ. ಅಂಥ ತಂತ್ರಾಂಶ ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಸಿಪಿಕೆ (ಸರಾಸರಿ ಮಿತಿಯಿಂದ ಎಷ್ಟು ದೂರವಿದೆ ಎಂಬುದನ್ನು ವಿಚಲನೆಯ ಮೂರು ಪಟ್ಟಿನಿಂದ ಭಾಗಿಸಿದ ಸೂಚ್ಯಂಕ) ಲೆಕ್ಕಕ್ಕೆ ಕೆಳಗಿನ ಮಿತಿಯಾಗಿ ಏನು ಹಾಕಿದ್ದೀರಿ? ಬಿಡಿ ಪೌಚಿನ ಗೆರೆಯಾದ 191 (200ರಲ್ಲಿ 9 ಕಳೆದು) ಹಾಕಿದರೆ ನಮ್ಮ ಉದಾಹರಣೆಗೆ ಸಿಪಿಕೆ 2.9 ಬಂದು ಪರದೆ ಹಸಿರೋ ಹಸಿರು. ಗುರಿ 199.5ಕ್ಕೆ ಇಳಿದರೂ ಅದು 2.3ರ ಮೇಲೆಯೇ ಇರುತ್ತದೆ, ಸರಾಸರಿ ನಿಯಮ ಮುರಿದು ಬಿದ್ದಿದ್ದರೂ ಹಸಿರು ಮಾಸುವುದಿಲ್ಲ. ಭರ್ತಿ ತೂಕದಲ್ಲಿ ಕಟ್ಟಿಹಾಕುವುದು ಸರಾಸರಿಯ ಗೆರೆ, ಬಿಡಿ ಪೌಚಿನ ಗೆರೆಯಲ್ಲ.

ಮಾತ್ರೆ ತಯಾರಕರಿಗೆ ಎಫ್‌ಎಕ್ಸ್-2000ಐ ಬೇಡವೇ ಬೇಡ. ಭಾರತೀಯ ಔಷಧ ಸಂಹಿತೆಯಂತೆ 20 ಮಾತ್ರೆ ಬಿಡಿಯಾಗಿ ತೂಗಬೇಕು. ಸರಾಸರಿ 80 ಮಿಲಿಗ್ರಾಂವರೆಗೆ ಶೇ 10, 80ರಿಂದ 250ರ ಒಳಗೆ ಶೇ 7.5, 250 ಮತ್ತು ಮೇಲ್ಪಟ್ಟಿದ್ದಕ್ಕೆ ಶೇ 5 ವ್ಯತ್ಯಾಸ. 250 ಮಿಲಿಗ್ರಾಂ ಮಾತ್ರೆಗೆ ಸಿಗುವ ಅವಕಾಶ 12.5 ಮಿಲಿಗ್ರಾಂ, ಈ ತಕ್ಕಡಿಯ ಒಂದು ಅಂಕೆಯೇ 10 ಮಿಲಿಗ್ರಾಂ. ಅಲ್ಲಿ 0.1 ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸೂ, ಅಂಕಿ ಅಳಿಸಲಾಗದ ತಂತ್ರಾಂಶವೂ ಬೇಕು.

ಕೊಂಡ ಮೊದಲ ದಿನ ಮಾಡಬೇಕಾದ ಪರೀಕ್ಷೆ ಒಂದಿದೆ. ಒಂದೇ ತುಂಬಿದ ಪೌಚನ್ನು ಮೂರು ಜನ, ತಲಾ ಹತ್ತು ಸಲ, ತಟ್ಟೆಯ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಇಟ್ಟು ತೂಗಲಿ. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಫಿಲ್ಲರ್ ಓಡುತ್ತಿರುವಾಗ ಒಮ್ಮೆ, ನಿಂತಾಗ ಒಮ್ಮೆ. ಎಲ್ಲ ಸೇರಿಸಿದ ವಿಚಲನೆ 0.1 ಗ್ರಾಂ ಒಳಗಿದ್ದರೆ ಟೇಬಲ್ ಇರುವ ಜಾಗ ಸರಿ. ಮೀರಿದರೆ ತಕ್ಕಡಿ ವಾಪಸ್ ಕಳಿಸುವ ಮೊದಲು ಟೇಬಲ್ಲನ್ನು ಯಂತ್ರದ ಚೌಕಟ್ಟಿನಿಂದ ದೂರ ಸರಿಸಿ ಮತ್ತೊಮ್ಮೆ ತೂಗಿ ನೋಡಿ.